ವಾಲ್ವ್ ತೆಗೆಯದವನು

“ಎಮ್ಮಿ ಮೈ ತೊಳಿಯಾಕ ಲಾಯಕ್ಕಿಲ್ಲದವನ ಕೈಯಾಗ ಇಂಜಿನ್ ಕೊಟ್ಟೆ ನೋಡ್ರಿ, ತಪ್ಪು ನಂದು,” ಎಂದ ವೀರಯ್ಯ ಉಸ್ತಾದ್. ಅದನ್ನು ತನ್ನ ಕೈಕೆಳಗಿನ ಹುಡುಗ ಮೊಗುಲಪ್ಪನೊಬ್ಬನಿಗೇ ಹೇಳಿದ್ದರೆ ಬೇರೆ ಮಾತು. ಹೇಳಿದ್ದು ಗ್ಯಾರೇಜಿನ ಎದುರು ಚಹಾದಂಗಡಿಯ ಬೆಂಚುಗಳ ಮೇಲೆ, ಕೆಟ್ಟ ಗಾಡಿಯಿಂದ ಇಳಿದು ಕೂತಿದ್ದ ಎಂಟು ಮಂದಿಗೆ. “ಸಾಲ್ಯಾಗ ಎಂಟನೇತ್ತ ದಾಟಿಲ್ಲ, ಈ ಮಗ ನನಗ ವಾಲ್ವಿನ ಪಾಠ ಹೇಳ್ತಾನ!”

ಎಂಟು ಮಂದಿಯೂ ನಕ್ಕರು. ಎಲ್ಲರೂ ಉಟ್ಕೂರಿನವರು, ಮೊಗುಲಪ್ಪನ ತಾಯಿಯ ತವರಿನವರು. ಈ ನಗು ಸಂಜೆಯೊಳಗೆ ಶೇರ್ ಆಟೋ ಹತ್ತಿ ಉಟ್ಕೂರು ಮುಟ್ಟುತ್ತದೆ, ನಾಳೆ ನಾರಾಯಣಪೇಟೆ. ಮೊಗುಲ ಇಂಜಿನ್ ಸುಟ್ಟ ಅಂತ ಒಮ್ಮೆ ಹೆಸರು ಬಿದ್ದರೆ ಅಲ್ಲಿಂದ ಮಕ್ತಲ್‌ವರೆಗೆ ಯಾರೂ ಅವನಿಗೆ ಗಾಡಿಯ ಬಾನೆಟ್ ಎತ್ತಲು ಬಿಡುವುದಿಲ್ಲ. ಸರ್ಟಿಫಿಕೇಟ್ ಇಲ್ಲದವನಿಗೆ ಕೈಗುಣದ ಹೆಸರೊಂದೇ ಗತಿ.

ಗಾಡಿ ಮಹೇಂದರ್‌ನದು. ಕುರಿ ವ್ಯಾಪಾರದವನು, ಹಳೆಯದೊಂದು ದೊಡ್ಡ ಕಾರು ಕೊಂಡಿದ್ದ. ತಮ್ಮನಿಗೆ ಹೆಣ್ಣು ನೋಡಲು ಮನೆಮಂದಿಯನ್ನೆಲ್ಲ ತುಂಬಿಕೊಂಡು ಗದ್ವಾಲಕ್ಕೆ ಹೊರಟಿದ್ದ. ಮಕ್ತಲ್ ದಾಟಿ ಜೂರಾಲ ರಸ್ತೆಯಲ್ಲಿ ಎಂಟು ಕಿಲೋಮೀಟರ್ ಹೋಗುವಷ್ಟರಲ್ಲಿ ಬಿಸಿ ತೋರುವ ಮೀಟರಿನ ಮುಳ್ಳು ಕೆಂಪಿಗೆ ಏರಿ, ಬಾನೆಟ್ ಸಂದಿಯಿಂದ ಹೊಗೆ ಎದ್ದಿತ್ತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಸೀದಾ ಮಕ್ತಲ್‌ನ ಈ ಗ್ಯಾರೇಜಿಗೇ ಬಂದಿದ್ದ. ನಾಲ್ಕು ದಿನದ ಹಿಂದೆ ಅದರ ಸರ್ವಿಸ್ ಮಾಡಿದ್ದು ಮೊಗುಲಪ್ಪ.

ವೀರಯ್ಯನ ಗ್ಯಾರೇಜಿಗೆ ಒಂದು ರೂಢಿಯಿತ್ತು. ಯಾವ ಗಾಡಿ ಬರಲಿ, ಮೊದಲು ಅದರ ಥರ್ಮೋಸ್ಟ್ಯಾಟ್ ವಾಲ್ವ್ ಕಿತ್ತು ಡಬ್ಬಿಗೆ ಎಸೆಯುವುದು. “ಇದು ವಿಲಾಯತಿ ಚಳಿಗೆ ಮಾಡಿದ್ದು. ನಮ್ಮ ಬಿಸಿಲಿಗೆ ಬಾಗ್ಲಾ ಯಾಕ? ನೀರು ಹರೀಲಿ ಬಿಡು.” ಮೊಗುಲಪ್ಪನೂ ಮೂರು ವರ್ಷ ಕಿತ್ತ, ಎಸೆದ. ಆಮೇಲೆ ನೋಡುತ್ತ ಬಂದ: ವಾಲ್ವ್ ಇಲ್ಲದ ಗಾಡಿಗಳು ಚಳಿಗಾಲದ ಮುಂಜಾನೆ ಎಷ್ಟು ಹೊತ್ತಾದರೂ ಬಿಸಿಯೇರುವುದಿಲ್ಲ, ಡೀಸೆಲ್ ಕುಡಿಯುತ್ತವೆ, ಕಪ್ಪು ಉಗುಳುತ್ತವೆ, ಬೇಗ ಸವೆಯುತ್ತವೆ. ಇಂಜಿನ್‌ಗೆ ಒಂದು ಹದದ ಬಿಸಿ ಬೇಕೇ ಬೇಕು. ಆ ಹದ ಬರುವವರೆಗೆ ವಾಲ್ವ್ ಮುಚ್ಚಿರುತ್ತದೆ. ಬಂದ ಮೇಲೆ ಒಳಗಿನ ಮೇಣ ಉಬ್ಬಿ ತಾನೇ ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಇಷ್ಟು ತಿಳಿದ ಮೇಲೂ ಕಿತ್ತು ಎಸೆಯಲು ಅವನ ಕೈ ಬರಲಿಲ್ಲ. ಮಹೇಂದರ್‌ನ ಗಾಡಿಗೆ ಉಸ್ತಾದನನ್ನು ಕೇಳದೆ ಹೊಸ ವಾಲ್ವ್ ಕೂರಿಸಿದ್ದ. ಅವನ ಅಪರಾಧ ಅಷ್ಟೇ.

ಮಹೇಂದರ್ ಟವೆಲ್ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ. ಮೊಗುಲಪ್ಪ ಅವನ ಮುಂಗೈ ಹಿಡಿದುಬಿಟ್ಟ.

“ಬಿಡಲೇ! ಗಾಡಿ ನಂದು, ಕೈ ನಂದು.”

“ಕೈನೂ ನಿಂದ ಮಾಮಾ, ಮಾರಿನೂ ನಿಂದ. ಒಳಗ ನೀರು ನೂರು ಡಿಗ್ರಿ ದಾಟೇತಿ. ಮುಚ್ಚಳ ಒತ್ತಿ ಹಿಡಿದೈತಿ ಅಂತ ಸುಮ್ನೈತಿ. ಬಿಚ್ಚಿದಿ ಅಂದ್ರ ಒಮ್ಮಿಗೇ ಕುದ್ದು ಮಾರಿಗೆ ಹಾರತೈತಿ. ಹೆಣ್ಣು ನೋಡಾಕ ಹೊಂಟೀಯಲ್ಲ, ಬೆಂದ ಮಾರಿ ತಗೊಂಡು ಹೋಗ್ತಿಯೇನು?”

ಬೆಂಚಿನ ಮೇಲಿದ್ದ ಮುದುಕನೊಬ್ಬ ಕಿಸಕ್ಕನೆ ನಕ್ಕ. ಮಹೇಂದರ್ ಕೈ ಹಿಂದೆ ತೆಗೆದ.

ಆ ನಗು ವೀರಯ್ಯನಿಗೆ ಹಿಡಿಸಲಿಲ್ಲ. ಸ್ಪ್ಯಾನರ್ ಎತ್ತಿ ಮುಂದೆ ಚಾಚಿದ. “ಆರಲಿ. ಆರಿದ ಮ್ಯಾಲ ವಾಲ್ವ್ ತೆಗೀ. ಇವರೆಲ್ಲರ ಮುಂದ ನಿನ್ನ ಕೈಲೇ ತೆಗೀಬೇಕು.”

“ತೆಗಿಯಂಗಿಲ್ಲ.”

“ಏನಂದಿ?”

“ಮೊದ್ಲು ಇಂಜಿನ್ ಮಾತು ಕೇಳ್ತೀನ್ರಿ ಉಸ್ತಾದ್. ಆಮ್ಯಾಲ ನಿಮ್ದು. ವಾಲ್ವಿಂದೇ ತಪ್ಪಿದ್ರ ಇವತ್ತಿಂದ ನಾ ಸ್ಪ್ಯಾನರ್ ಮುಟ್ಟಂಗಿಲ್ಲ. ಇವರೆಲ್ಲರ ಮುಂದನ ಹೇಳ್ತೀನಿ.”

ಅಂದುಬಿಟ್ಟ. ಚಾಚಿದ ಸ್ಪ್ಯಾನರ್ ತೆಗೆದುಕೊಳ್ಳಲಿಲ್ಲ.

ಒಂದು ತಾಸು ಕಾದರು. ಎಂಟು ಮಂದಿ ಎರಡೆರಡು ಸಲ ಚಹಾ ಕುಡಿದರು. ಇಂಜಿನ್ ಆರಿದ ಮೇಲೆ ಮೊಗುಲಪ್ಪ ಮುಚ್ಚಳ ತೆಗೆದು, ಕಡಿಮೆಯಾಗಿದ್ದ ಕೂಲಂಟ್ ನೀರು ತುಂಬಿ, ಗಾಡಿ ಚಾಲೂ ಮಾಡಿದ. ಮುಳ್ಳು ನಿಧಾನಕ್ಕೆ ಏರತೊಡಗಿತು. ಅವನು ರೇಡಿಯೇಟರಿನ ಮೇಲಿನ ಪೈಪಿಗೆ ಒಂದು ಕೈ, ಕೆಳಗಿನದಕ್ಕೆ ಒಂದು ಕೈ ಹಚ್ಚಿ ಕಣ್ಣು ಮುಚ್ಚಿ ನಿಂತ.

“ನಾಡಿ ನೋಡ್ತಾನ, ಡಾಕ್ಟರು!” ಎಂದ ವೀರಯ್ಯ.

ಮೇಲಿನ ಪೈಪು ಕಾಯಿತು. ಸ್ವಲ್ಪ ಹೊತ್ತಿಗೆ ಕೆಳಗಿನದೂ ಅಷ್ಟೇ ಕಾಯಿತು.

“ಮಾಮಾ, ನೀನೂ ಮುಟ್ಟು ಬಾ. ವಾಲ್ವ್ ಮುಚ್ಚಿದ್ರ ನೀರು ಈ ಕಡಿಗೆ ಬರ್ತಿದ್ದಿಲ್ಲ, ಪೈಪು ತಣ್ಣಗಿರ್ತಿತ್ತು. ಈಗ ಎರಡೂ ಸುಡ್ತಾವ. ಅಂದ್ರ ವಾಲ್ವ್ ತೆರ್ದೈತಿ, ಪಂಪು ನೀರು ತಿರುಗಸಾಕ ಹತ್ತೈತಿ. ಇಂಜಿನ್ ಬಿಸಿ ಹೊತ್ಕೊಂಡು ನೀರು ರೇಡಿಯೇಟರಿಗೆ ಬರ್ತೈತಿ. ಇಲ್ಲಿ ಗಾಳಿಗೆ ಆ ಬಿಸಿ ಕೊಟ್ಟು ತಣ್ಣಗಾಗಿ ವಾಪಸ್ ಹೋಗ್ಬೇಕು. ಬಿಸಿ ಕೊಡವಲ್ದು. ಹೆಂಗ ಬಂತೋ ಹಂಗ ಹೊಂಟೈತಿ.”

“ಫ್ಯಾನು ಕೆಟ್ಟಿರ್ಬೇಕು,” ಎಂದ ವೀರಯ್ಯ. ಅಷ್ಟರಲ್ಲೇ ಫ್ಯಾನು ಗುಂಯ್ ಎಂದು ತಿರುಗತೊಡಗಿತು.

ಮೊಗುಲಪ್ಪ ಚಹಾದಂಗಡಿಯಿಂದ ಪೇಪರಿನ ಒಂದು ಹಾಳೆ ತಂದು ಗಾಡಿಯ ಮುಂದಿನ ಜಾಳಿಗೆಗೆ ಒತ್ತಿ ಹಿಡಿದ. ಒಳಗಿನ ಫ್ಯಾನು ಗಾಳಿ ಎಳೆಯುತ್ತಿದ್ದರೆ ಹಾಳೆ ಜಾಳಿಗೆಗೆ ಅಂಟಿ ನಿಲ್ಲಬೇಕು. ಕೈ ಬಿಟ್ಟ. ಹಾಳೆ ಸುಮ್ಮನೆ ಜಾರಿ ನೆಲಕ್ಕೆ ಬಿತ್ತು.

ಬೆಂಚಿನವರು ಎದ್ದು ಹತ್ತಿರ ಬಂದರು. ಅವನು ಗಾಡಿ ಆಫ್ ಮಾಡಿ, ಜಾಳಿಗೆಯ ಕ್ಲಿಪ್ಪುಗಳನ್ನು ಬಿಚ್ಚಿ ಎತ್ತಿದ. ಕಪ್ಪು ಜಾಳಿಗೆಯ ಹಿಂದೆ ಅಷ್ಟೇ ಕಪ್ಪಾದ ಕಂಬಳಿ, ಎರಡು ಮಡಿಕೆ, ಈ ತುದಿಯಿಂದ ಆ ತುದಿಗೆ ಬಿಗಿದು ಕಟ್ಟಿದ್ದು. ಮಡಿಕೆಯಲ್ಲಿ ಭಂಡಾರದ ಅರಿಶಿನ.

“ಮುಟ್ಟಬ್ಯಾಡಲೇ!” ಮಹೇಂದರ್‌ನ ತಾಯಿ ಹಣಮಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. “ಬೀರಪ್ಪನ ಗದ್ದಿಗಿ ಕಂಬಳಿ ಅದು. ಮೊನ್ನೆ ಪೂಜಿ ಮಾಡಿ ನಾನ ಕಟ್ಟಿಸೀನಿ. ಗಾಡಿ ಮುಂದ ದೇವ್ರು ಇರ್ಲಿ ಅಂತ.”

ಮಹೇಂದರ್ ನೆಲ ನೋಡಿದ. ವೀರಯ್ಯ ಎರಡು ಹೆಜ್ಜೆ ಹಿಂದೆ ಸರಿದ. “ದೇವರ ಉಸಾಬರಿ ನಮಗ ಬ್ಯಾಡ. ಏ ಮೊಗುಲ, ಜಾಳಿಗಿ ಮುಚ್ಚು. ವಾಲ್ವ್ ತೆಗದು ಕಳಿಸಿಬಿಡು.”

ಮೊಗುಲಪ್ಪ ಜಾಳಿಗೆ ಮುಚ್ಚಲಿಲ್ಲ. ಕಾರಣ ಕಣ್ಣ ಮುಂದೆ ಕಟ್ಟಿಕೊಂಡು ಕೂತಿದೆ, ಆದರೂ ತೆಗೆಯಬೇಕಾದ್ದು ವಾಲ್ವ್!

“ಅವ್ವಾ, ನಾನೂ ಬೀರಪ್ಪನ ಒಕ್ಕಲ. ಒಂದು ಮಾತು ಕೇಳ್ತೀನಿ. ಬ್ಯಾಸಿಗಿ ಬಂತಂದ್ರ ಕುರಿ ಕೂದ್ಲ ಯಾಕ ಕತ್ತರಿಸ್ತೀರಿ?”

“ಇದೇನು ಕೇಳೋ ಮಾತ? ಸೆಕಿಗೆ ಸಾಯ್ತಾವ ಕುರಿ.”

“ಇದಕ್ಕ ಎರಡು ಮಡಿಕಿ ಹೊಚ್ಚಿ, ಎಂಟು ಮಂದಿ ಹತ್ತಿ, ಇಂಥಾ ಬಿಸಿಲಾಗ ಓಡ್ಸಿದ್ರಿ.”

ಹಣಮಮ್ಮ ಸಿಕ್ಕಿಸಿದ ಸೆರಗು ಬಿಚ್ಚಿ ಪಕ್ಕಕ್ಕೆ ಸರಿದಳು. ಮೊಗುಲಪ್ಪ ಚಪ್ಪಲಿ ಬಿಟ್ಟ, ಕೈ ತೊಳೆದ, ಗಂಟು ಬಿಚ್ಚಿದ. ಕಂಬಳಿಯನ್ನು ಹಣೆಗೆ ಒತ್ತಿಕೊಂಡು ಮುಂದಿನ ಸೀಟಿನ ಎದುರು, ಗಾಜಿನ ಕೆಳಗೆ ಹಾಸಿದ.

“ದೇವ್ರು ಒಳಗ ಕುಂತು ಬರ್ಲಿ ಬಿಡವ್ವ. ಹೊರಗ ಬಿಸಿಲೈತಿ.”

ಮುದುಕಿಗೆ ನಗು ತಡೆಯಲಾಗಲಿಲ್ಲ. “ನಾಲಿಗಿ ಉದ್ದ ಐತಿ ನಿಂದು,” ಎಂದಳು.

ಗಾಡಿ ಮತ್ತೆ ಚಾಲೂ ಆಯಿತು. ಈ ಸಲ ಹಾಳೆ ಜಾಳಿಗೆಗೆ ಅಂಟಿ ನಿಂತಿತು. ಮಹೇಂದರ್ ಎಲ್ಲರನ್ನೂ ಹತ್ತಿಸಿಕೊಂಡು ಕೃಷ್ಣಾ ಊರಿನ ರಸ್ತೆಯಲ್ಲಿ ಐದಾರು ಕಿಲೋಮೀಟರ್ ಓಡಿಸಿ ತಿರುಗಿ ಬಂದ. ಮುಳ್ಳು ಅರ್ಧಕ್ಕೆ ನಿಂತಿತ್ತು, ಅಲುಗಿರಲಿಲ್ಲ. ಹೊಸ ವಾಲ್ವ್ ಅದರ ಜಾಗದಲ್ಲೇ ಇತ್ತು.

“ಮತ್ತ ಹುಡುಗಂದು ತಪ್ಪಿಲ್ಲಲ್ರೀ ಉಸ್ತಾದ್?” ಕಿಟಕಿಯಿಂದ ಕೇಳಿದ ಮಹೇಂದರ್. ಗಾಡಿಯೊಳಗಿನ ಅಷ್ಟೂ ಮುಖಗಳು ವೀರಯ್ಯನ ಕಡೆ ತಿರುಗಿದ್ದವು.

ಮೊಗುಲಪ್ಪನೂ ಅವನನ್ನೇ ನೋಡಿದ. ಒಂದು ಮಾತು, ಇವರ ಮುಂದೆ. ಅಷ್ಟು ಸಾಕಿತ್ತು.

“ಗಾಳಿ ನೋಡು ಅಂತ ನಾನ ಹೇಳಿದ್ದೆನಲ್ಲ,” ಎಂದ ವೀರಯ್ಯ. “ಹುಡುಗ್ರು. ನಾವು ಹೇಳ್ಕೊಟ್ರ ಮಾಡ್ತಾವ. ಹೋಗಿ ಬರ್ರಿ, ಹೊತ್ತಾತು.”

ಗಾಡಿ ಗದ್ವಾಲದ ಕಡೆ ಹೊರಟಿತು. ಅದು ತಿರುವು ದಾಟಿ ಮರೆಯಾದ ಮೇಲೆ ವೀರಯ್ಯ ಮೊಗುಲಪ್ಪನ ಹತ್ತಿರ ಬಂದು, ಆ ಕಡೆ ಈ ಕಡೆ ನೋಡಿ, ಹೆಗಲ ಮೇಲೆ ಕೈ ಇಟ್ಟ. ದನಿ ತಗ್ಗಿಸಿದ. “ಮನಸ್ಸಿಗಿ ಹಚ್ಗೋಬ್ಯಾಡ ಮಗನ. ನಿನ್ನ ಕೈ ಚಲೋ ಐತಿ, ನನಗ ಗೊತ್ತಿಲ್ಲೇನು? ವಾಲ್ವ್ ಇಡು ಇನ್ನ ಮ್ಯಾಲ, ಬ್ಯಾಡ ಅನ್ನಂಗಿಲ್ಲ. ನಾಳಿ ಲಗೂನ ಬಾ, ಎರಡು ಗಾಡಿ ಅದಾವ. ಬರ್ತೀಯಲ್ಲ?”

ಮೊಗುಲಪ್ಪ ಹೆಗಲ ಮೇಲಿನ ಕೈಯನ್ನು ಸರಿಸಿದ. ಎಣ್ಣೆಯ ಅಂಗಿ ಕಳಚಿ ಮೊಳೆಗೆ ಹಾಕಿದ, ತನ್ನದನ್ನು ತೊಟ್ಟ. ಚಪ್ಪಲಿ ಮೆಟ್ಟಿದ.

“ಏ, ಬರ್ತೀಯೋ ಇಲ್ಲೋ? ಹೇಳಲೇ!”

ಅವನು ನಾರಾಯಣಪೇಟೆ ರಸ್ತೆಯತ್ತ ನಡೆದ. ಅಂಗಿಯ ಒಂದೊಂದೇ ಗುಂಡಿ ಹಾಕಿಕೊಳ್ಳುತ್ತ, ತಿರುಗಿ ನೋಡದೆ ನಡೆದ.