ಇಬ್ಬರ ದೋಣಿ

ನಮ್ಮ ಮದುವೆ ಉಳಿಯುತ್ತದೋ ನೋಡೋಣವೆಂದು ನಾನೇ ಹೆಂಡತಿಯನ್ನು ಈ ಪುಟ್ಟ ದ್ವೀಪಕ್ಕೆ ಕರೆತಂದಿದ್ದೆ.

"ಸಾರ್, ಹಿಂದೆ ಕೂತವರು ಮುಂದಿನವರ ಹುಟ್ಟು ನೋಡ್ಕೊಂಡು ಹಾಕ್ಬೇಕು. ಯಜಮಾನಿಕೆ ಮನೇಲಿಟ್ಕೊಳ್ಳಿ," ಎಂದ ದಡದಲ್ಲಿ ನಿಂತಿದ್ದ ದೋಣಿ ಕಲಿಸುವವನು. ಮುಂದೆ ಕೂತಿದ್ದ ಅವಳು ನಕ್ಕಳು.

ಹವಳದ ದಿಬ್ಬ ದಾಟುವಷ್ಟರಲ್ಲಿ ನಮ್ಮ ಹುಟ್ಟುಗಳು ಒಟ್ಟಿಗೆ ನೀರಿಗಿಳಿಯತೊಡಗಿದವು. ಎಲ್ಲ ಸರಿಹೋಯಿತೆಂದುಕೊಂಡೆ.

ಆಚೆಯ ಮರಳ ದಂಡೆಯಲ್ಲಿ ಇಳಿದಾಗ ಅವಳೆಂದಳು, "ಇವತ್ತು ತುಂಬಾ ಚೆನ್ನಾಗಿತ್ತು ಕಣೋ. ಆದ್ರೂ ನಂಗೆ ನಿನ್ ಜೊತೆ ಇರಕ್ಕಾಗಲ್ಲ."

"ಒಂದು ಜಗಳಾನೂ ಆಡ್ಲಿಲ್ವಲ್ಲೇ."

"ಅದಕ್ಕೇ ಹೇಳ್ತಿದೀನಿ. ಜಗಳ ಇಲ್ದೇ ಇದ್ರೂ ಬೇಡ ಅನ್ನಿಸ್ತು."

ಗಾಳಿ ಏಳುತ್ತಿತ್ತು, ಹೊರಡಬೇಕಿತ್ತು. ಲೈಫ್ ಜಾಕೆಟ್ಟಿನ ಹಿಂದಿನ ಪಟ್ಟಿ ಕೈಗೆಟುಕದೆ, ಅವಳು ರೂಢಿಯಂತೆ ನನ್ನೆದುರು ಬೆನ್ನು ತಿರುಗಿಸಿ ನಿಂತು ಕೂದಲೆತ್ತಿ ಹಿಡಿದಳು. ಬಿಗಿಮಾಡಿದೆ.

"ಸಾಕಾ?" ಎಂದೆ.

"ಇನ್ನೊಂಚೂರು," ಎಂದಳು.