ತಿರುವಿನಲ್ಲಿ ಬಿದ್ದ ಕಾರು

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಆಕೆ ಅಕ್ಕನ ಮಾತಿಗೆ ಕಟ್ಟುಬಿದ್ದು, ಅಪರೂಪಕ್ಕೆ ಸಿಕ್ಕ ರಜೆಯನ್ನು ಭಾವನ ಜೊತೆ ಕಾರ್ ರ‍್ಯಾಲಿ ನೋಡುವುದಕ್ಕೆ ಸುರಿದಳು. ಶನಿವಾರವಿಡೀ ಮಣ್ಣುರಸ್ತೆಯ ತಿರುವಿನಲ್ಲಿ ನಿಂತು ಕಂಡಿದ್ದೇನು? ಬರ್ರೆಂದು ಒಂದು ಸದ್ದು, ಬಾಯಿ ತುಂಬ ಧೂಳು. ಹಳ್ಳ ಕಂಡರೆ ಸ್ಕೂಟರ್ ಇಳಿದು ತಳ್ಳಿಕೊಂಡು ಹೋಗುವ ಭಾವ, "ಇವನಿಗೆ ಬ್ರೇಕ್ ಹಾಕೋಕೇ ಬರಲ್ಲ" ಎಂದು ಪ್ರತಿ ಚಾಲಕನಿಗೂ ಪಾಠ ಹೇಳುತ್ತಿದ್ದ. ಸುತ್ತ ನಿಂತ ಗಂಡಸರೆಲ್ಲ ಅದೇ ತಳಿ.

ಭಾನುವಾರ ಕೆಂಪು ಕಾರೊಂದು ತಿರುವು ತಪ್ಪಿ, ಪಲ್ಟಿ ಹೊಡೆದು ಚರಂಡಿಗೆ ಬಿತ್ತು. ಎಂಜಿನ್ನಿನಿಂದ ಹೊಗೆ ಎದ್ದಿತು. ಜನ ಹೋ ಎಂದು ಓಡಿದರು. ಓಡಿಹೋಗಿ ಅಂಚಿನಲ್ಲಿ ಸಾಲಾಗಿ ನಿಂತು ಫೋನ್ ಎತ್ತಿದರು.

ಅವಳು ಕೆಳಗಿಳಿದು ಕೂಗಿದಳು. "ಭಾವ, ಬಾಗಿಲು ಹಿಡ್ಕೊಳ್ಳಿ ಬನ್ನಿ!"

"ತಡಿಯಮ್ಮ, ಸ್ವಲ್ಪ ಪಕ್ಕಕ್ಕೆ ಸರಿ. ಅಡ್ಡ ಬರ್ತಿದ್ದೀಯ."

ಅವಳೊಬ್ಬಳೇ ಬಾಗಿಲಿನ ಜೊತೆ ಗುದ್ದಾಡಿ ತೆಗೆದು, ಬೆಲ್ಟ್ ಬಿಚ್ಚಿ, ಚಾಲಕನನ್ನು ಹೊರಗೆಳೆದು ಕೂರಿಸಿದಳು. ಹಣೆಯ ಗಾಯಕ್ಕೆ ಕರವಸ್ತ್ರ ಒತ್ತಿದಳು. ಅವನು ಮೆಲ್ಲಗೆ ಕಣ್ಣು ಬಿಟ್ಟು ಮೇಲಿದ್ದವರತ್ತ ನೋಡಿದ.

"ಯಾರಾದ್ರೂ ವಿಡಿಯೋ ಮಾಡಿದ್ರಾ?"

"ಪೂರ್ತಿ ಸಿಕ್ಕಿದೆ ಸಾರ್!" ಭಾವ ಕುಣಿದಾಡಿದ.

ಗಡಿಗೆಗೆ ತಕ್ಕ ಮುಚ್ಚಳ ಅಂದುಕೊಂಡಳು. ಚಾಲಕನನ್ನು ಆಂಬುಲೆನ್ಸಿನವರಿಗೆ ಒಪ್ಪಿಸಿ, ಭಾವನನ್ನು ಅಲ್ಲೇ ಬಿಟ್ಟು ಬಸ್ ಹತ್ತಿದಳು.