ಮಬ್ಬು ಹಿಡಿಯದ ಮೇಜು

ಅಜ್ಜಿಯ ಕಥೆಯಲ್ಲಿ ರಕ್ಕಸನಿಗಿಂತ ಮೊದಲು ಅವನ ವಾಸನೆ ಬರುತ್ತಿತ್ತು. ಅದಕ್ಕೇ ರಾಜಕುಮಾರಿ ಬದುಕಿಕೊಳ್ಳುತ್ತಿದ್ದಳು. ನಮ್ಮ ವಾರ್ನಿಶ್ ಕೋಣೆಯ ರಕ್ಕಸ ಅಷ್ಟು ಪೆದ್ದನಲ್ಲ.

ಅವನ ಹೆಸರು ಬ್ಯೂಟನಾಲ್. ಕುಡಿಯುವ ಸಾರಾಯಿಯ ದಾಯಾದಿ. ಮೇಜಿನ ವಾರ್ನಿಶ್ ತೇವದ ಗಾಳಿಗೆ ಬೆಳ್ಳಗೆ ಮಬ್ಬಾಗದಿರಲೆಂದು ಬೆರೆಸುತ್ತೇವೆ. ಬೆಳಿಗ್ಗೆ ಡಬ್ಬಿ ತೆರೆದಾಗ ಸಿಹಿಯಾಗಿ ಮೂಗಿಗೆ ಚುಚ್ಚುತ್ತಾನೆ, ಅರ್ಧ ಗಂಟೆಗೆ ಮಾಯ.

ಹಸಿ ವಾರ್ನಿಶ್ ಮೇಲೆ ಧೂಳು ಕೂರುತ್ತದೆಂದು ಮೇಸ್ತ್ರಿ ಫ್ಯಾನ್ ಆರಿಸಿಡುತ್ತಿದ್ದ. ಗಾಳಿ ಪರೀಕ್ಷೆಗೆ ಅವನ ಮೂಗೇ ಯಂತ್ರ. ಒಳಗೇ ಕೂತು ಎರಡು ಸಲ ಮೂಸಿ, "ಏನೂ ಇಲ್ಲ, ನಡೀಲಿ ಕೆಲಸ" ಅನ್ನುತ್ತಿದ್ದ. ನಾವೂ ನಮ್ಮ ಮೂಗನ್ನು ನಂಬಿಕೊಂಡೇ ಇದ್ದೆವು.

ಅಕ್ಕ ಅಲ್ಲಿ ಬ್ರಶ್ ಹಿಡಿದು ಆರು ವರ್ಷ. ಮೊನ್ನೆ ಊಟಕ್ಕೆ ಕಿಟಕಿಗೆ ಬೆನ್ನು ಹಾಕಿ ಕೂತಳು. ಬೆಳಕು ಕಣ್ಣಿಗೆ ಚುಚ್ಚುತ್ತದಂತೆ. ಎದುರಿಗಿದ್ದ ಲೋಟವನ್ನು ತಡಕಾಡಿದಳು. ಡಾಕ್ಟರು, "ಆವಿಯಿಂದ ಕಣ್ಣಿನ ಮೇಲ್ಪೊರೆ ಕೆಡ್ತಿದೆ. ಈಗಲೇ ದೂರ ಇದ್ರೆ ವಾಸಿಯಾಗುತ್ತೆ" ಅಂದರು. ಮೇಸ್ತ್ರಿ ರಜೆ ಕೊಡಲಿಲ್ಲ.

ಇವತ್ತು ಅವಳ ರಜೆಗೆ ಡಾಕ್ಟರ ಚೀಟಿ ತರಲು ಹೋಗಿ ಮಧ್ಯಾಹ್ನ ಬಂದೆ. ಬಾಗಿಲಲ್ಲೇ ವಾಸನೆ ಕಪಾಳಕ್ಕೆ ಹೊಡೆಯಿತು. ಹಾಗಾದರೆ ರಕ್ಕಸ ಎಲ್ಲಿಗೂ ಹೋಗಿರಲಿಲ್ಲ, ಸತ್ತದ್ದು ನಮ್ಮ ಮೂಗು!

ಚೀಟಿಯನ್ನು ಮೇಸ್ತ್ರಿಯ ಮುಂದೆ ಹಿಡಿದು, "ಫ್ಯಾನ್ ಹಾಕಿ" ಅಂದೆ.

"ನಿಮ್ಮಕ್ಕಂಗೆ ಮೊಬೈಲು ನೋಡೋದು ಕಮ್ಮಿ ಮಾಡು ಅನ್ನು."

"ಅವಳ ಮೊಬೈಲು ಒಡೆದು ವರ್ಷ ಆಯ್ತು."

"ಹಂಗಾದ್ರೆ ವಯಸ್ಸು."

"ಮೂವತ್ತೆರಡು ಕಣ್ರೀ!"

"ವಾಸನೆನೇ ಇಲ್ಲ, ಆವಿ ಎಲ್ಲಿಂದ ಬಂತಮ್ಮ?"

ನನ್ನ ಮೈಯೆಲ್ಲ ಉರಿಯಿತು. ಅವನ ಊಟದ ಡಬ್ಬಿ ಎತ್ತಿಕೊಂಡು ಅಂಗಳಕ್ಕೆ ನಡೆದೆ. ಹಸಿದ ಮೇಸ್ತ್ರಿ ಬೈಯುತ್ತ ಹಿಂದೆಯೇ ಬಂದ. ಅಲ್ಲೇ ಕೂತು ತಿಂದ, ತಿಂದು ಮತ್ತೆ ಬೈದ. ಬೈಯಲಿ, ಗಂಟೆ ಹೊತ್ತು ಹೊರಗೇ ಇರಲಿ ಎಂದು ನಾನೂ ಬಾಯಿಗೆ ಬಾಯಿ ಕೊಟ್ಟೆ.

ಆಮೇಲೆ ಅವನು ಕೋಣೆಗೆ ಕಾಲಿಟ್ಟ. ಇಟ್ಟ ಕಾಲು ಹಿಂದಕ್ಕೆ ಬಂತು. ತೋಳಿನಿಂದ ಮೂಗು ಮುಚ್ಚಿಕೊಂಡು ಕೆಮ್ಮಿದ, ಕಣ್ಣಲ್ಲಿ ನೀರು.

ಒಳಗೆ ಬಳಿಯುತ್ತಿದ್ದ ಅಕ್ಕ ತಲೆಯೆತ್ತಿದಳು. "ಯಾಕಣ್ಣ? ಏನೂ ವಾಸನೆ ಇಲ್ವಲ್ಲ?"

ಬಾಗಿಲ ಹೊರಗಿನ ಸ್ವಿಚ್ಚು ಒತ್ತಿದೆ. ಫ್ಯಾನ್ ಗುಡುಗಿತು. ಹೊಸ ಮೇಜಿನ ಮೇಲೆ ಧೂಳು ಕೂತಿತು.

"ಅಯ್ಯೋ, ಮೇಜು!" ಅಂದ.

"ಹಾಳಾಗಲಿ! ಉಜ್ಜಿ ಮತ್ತೆ ಬಳಿ. ಅವಳ ಕಣ್ಣು ಉಜ್ಜಿ ಬಳೀತೀಯಾ?"

ಅವನು ಸ್ವಿಚ್ಚಿನ ಕಡೆ ಕೈ ಚಾಚಲಿಲ್ಲ. ಚಾಚಿದ್ದರೆ ಮುರಿಯುತ್ತಿದ್ದೆ. ಅಕ್ಕನ ಕೈಯಿಂದ ಬ್ರಶ್ ಕಿತ್ತು ಡಬ್ಬಿಗೆ ಎಸೆದು, ಅವಳನ್ನು ಹೊರಗೆ ನಡೆಸಿಕೊಂಡು ಬಂದೆ.